ತೂಕಕ್ಕೆ ಬಂದ ಊಟ, ತೂಕಕ್ಕೆ ಬಾರದ ಸಾರು

ಶ್ರಾವಕನ ನಿತ್ಯಜೀವನದಲ್ಲಿ ಎರಡು ಸ್ಥಳಗಳ ಮೇಲೆ ಜೈನಾಚಾರ್ಯರ ದೃಷ್ಟಿ ವಿಶೇಷವಾಗಿ ಹರಿದಿದೆ. ಒಂದು ಅಡುಗೆಯ ಮನೆ, ಇನ್ನೊಂದು ಅಂಗಡಿಯ ತಕ್ಕಡಿ. ಏನನ್ನು ಉಣ್ಣಬೇಕು, ಎಷ್ಟು ಉಣ್ಣಬೇಕು, ಯಾವ ಹೊತ್ತಿನಲ್ಲಿ ಉಣ್ಣಬೇಕು ಎಂಬುದಕ್ಕೆ ಅವರು ಕೊಟ್ಟ ವಿವರ ಎಷ್ಟು ಸೂಕ್ಷ್ಮವೋ, ತೂಕ ಅಳತೆಗಳಲ್ಲಿ ಎಲ್ಲೆಲ್ಲಿ ತಪ್ಪಬಾರದು ಎಂಬುದಕ್ಕೆ ಕೊಟ್ಟ ವಿವರವೂ ಅಷ್ಟೇ ಸೂಕ್ಷ್ಮವಾದುದು. ಈ ಎರಡೂ ಸ್ಥಳಗಳು ಒಂದೇ ಸೂರಿನ ಕೆಳಗೆ ಕೂಡಿಬರುವ ಭೋಜನಶಾಲೆಯೊಂದು ಇತ್ತೀಚಿನ ವರ್ಷಗಳಲ್ಲಿ ಚೀನದಿಂದ ಹೊರಟು ಸಿಂಗಪುರ, ಮೆಲ್ಬರ್ನ್, ಲಂಡನ್ ಮೊದಲಾದ ನಗರಗಳನ್ನು ಮುಟ್ಟಿದೆ. ಶಿರಹಟ್ಟಿ ತಾಲೂಕಿನ ಬೆಳ್ಳಟ್ಟಿಯಂಥ ಊರುಗಳಿಗೆ ಅದರ ಹೆಸರು ಹೊಸದು. ಆದರೆ ಗದಗ ಸೀಮೆಯ ಮನೆತನಗಳ ಮಕ್ಕಳು ಇಂದು ಓದಿಗೂ ಉದ್ಯೋಗಕ್ಕೂ ದೂರದೇಶಗಳಿಗೆ ಹೋಗುತ್ತಿದ್ದಾರೆ. ಗೆಳೆಯರ ಜೊತೆಗೂಡಿ ಅಂಥ ಶಾಲೆಯ ಬಾಗಿಲಲ್ಲಿ ನಿಂತ ಹುಡುಗ ಅಥವಾ ಹುಡುಗಿ ಒಳಗೆ ಹೋಗಬಹುದೇ, ಹೋದರೆ ಏನನ್ನು ಉಣ್ಣಬಹುದು ಎಂಬ ಪ್ರಶ್ನೆ ದೂರವಾಣಿಯ ಮೂಲಕ ಊರಿನ ಹಿರಿಯರನ್ನು ಮುಟ್ಟುವುದು ಸಹಜವೇ ಆಗಿದೆ. ಆದಕಾರಣ ವಿಷಯವು ವಿಚಾರಾರ್ಹವಾದುದು.

ಈ ಭೋಜನಕ್ಕೆ ಮಾಲಾತಾಂಗ್ ಎಂದು ಹೆಸರು. ‘ಮಾ’ ಎಂದರೆ ನಾಲಗೆ ಜೋಮು ಹಿಡಿಯುವುದು, ‘ಲಾ’ ಎಂದರೆ ಖಾರ, ‘ತಾಂಗ್’ ಎಂದರೆ ಕುದಿಯುವ ನೀರಿನಲ್ಲಿ ಅದ್ದಿ ಬೇಯಿಸುವುದು. ಸಿಚುವಾನ್ ಪ್ರಾಂತದ ನದೀತೀರದಲ್ಲಿ ದೋಣಿ ಎಳೆಯುತ್ತಿದ್ದ ಕೂಲಿಕಾರರು ಥಂಡಿಗೆ ಮದ್ದಾಗಿ, ಕೈಗೆ ಸಿಕ್ಕ ಸೊಪ್ಪುಸದೆಗಳನ್ನು ಖಾರದ ನೀರಿನಲ್ಲಿ ಕುದಿಸಿ ಉಣ್ಣುತ್ತಿದ್ದುದೇ ಇದರ ಮೂಲವೆಂದು ಹೇಳುವ ವಾಡಿಕೆಯಿದೆ. ಮೊದಲು ಕಡ್ಡಿಗಳಿಗೆ ಪೋಣಿಸಿ, ಕಡ್ಡಿಗಳನ್ನು ಎಣಿಸಿ ಹಣ ತೆಗೆದುಕೊಳ್ಳುತ್ತಿದ್ದರು. 2000ದ ನಂತರ ಈಶಾನ್ಯ ಚೀನದ ಹಾರ್ಬಿನ್ ನಗರದಿಂದ ಬೆಳೆದ ಅಂಗಡಿಗಳ ಸರಣಿಗಳು ಕಡ್ಡಿಯನ್ನು ಬಿಟ್ಟು ತಕ್ಕಡಿಯನ್ನು ಹಿಡಿದವು. 2024ರ ಮಾರ್ಚ್‌ನಲ್ಲಿ ಗಾನ್ಸು ಪ್ರಾಂತದ ತಿಯಾನ್‌ಶುಯಿ ಎಂಬ ಊರಿಗೆ ಇದನ್ನು ಉಣ್ಣಲೆಂದೇ ದೇಶದ ಮೂಲೆಮೂಲೆಗಳಿಂದ ಜನ ಮುಗಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು.

ಕ್ರಮ ಹೀಗಿದೆ. ಬಂದವರು ಒಂದು ದೊಡ್ಡ ಬಟ್ಟಲನ್ನೂ ಚಿಮಟಿಗೆಯನ್ನೂ ಹಿಡಿದು ಸಾಲಾಗಿ ಜೋಡಿಸಿಟ್ಟ ಪದಾರ್ಥಗಳ ಮುಂದೆ ನಡೆಯುತ್ತಾರೆ. ಕೋಸು, ಪಾಲಕ, ಅಣಬೆ, ಆಲೂಗಡ್ಡೆ, ತಾವರೆಯ ಬೇರು, ಸಮುದ್ರದ ಪಾಚಿ, ಸೋಯಾ ಹಾಲಿನ ಗಿಣ್ಣಿನಂಥ ತೋಫು, ಶಾವಿಗೆ ಒಂದು ಬದಿಗೆ. ಮಾಂಸದ ತೆಳುಹೋಳು, ಮೀನಿನ ಉಂಡೆ, ಸಿಗಡಿ ಇನ್ನೊಂದು ಬದಿಗೆ, ಕೆಲವೆಡೆ ಪಕ್ಕಪಕ್ಕದಲ್ಲಿಯೇ. ಬೇಕಾದುದನ್ನು ಬೇಕಾದಷ್ಟು ಹಾಕಿಕೊಂಡು ತಕ್ಕಡಿಯ ಮೇಲಿಡಬೇಕು. ಗ್ರಾಂ ಲೆಕ್ಕದಲ್ಲಿ ದರ. ಖಾರ ಎಷ್ಟೆಂದು ಹೇಳಿದರೆ ಒಳಗಿನವರು ಆ ಬಟ್ಟಲನ್ನು ಜಾಲರಿಗೆ ಸುರಿದು, ಕುದಿಯುವ ಹಂಡೆಯಲ್ಲಿ ಅದ್ದಿ, ಸಾರನ್ನು ಸುರಿದು ತಂದುಕೊಡುತ್ತಾರೆ. ತೂಕವೆಲ್ಲ ಬೇಯುವ ಮೊದಲಿನ ಹಸಿ ಪದಾರ್ಥಕ್ಕೆ, ಸಾರಿಗೆ ತೂಕವಿಲ್ಲ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಮೊದಲು ಈ ಪದ್ಧತಿಯ ಗುಣವನ್ನು ಹೇಳುವುದು ನ್ಯಾಯ. ಉತ್ತರ ಕರ್ನಾಟಕದ ಖಾನಾವಳಿಗಳಲ್ಲಿ ಊಟಕ್ಕೆ ಒಂದು ದರ, ರೊಟ್ಟಿ ಎಷ್ಟಾದರೂ ಬಡಿಸಿಕೊಳ್ಳಬಹುದು ಎಂಬ ರೂಢಿಯಿದೆ. ಅದರಲ್ಲಿ ಔದಾರ್ಯವಿದೆ, ನಿಜ. ಆದರೆ ಕೊಟ್ಟ ಹಣ ಗಿಟ್ಟಬೇಕೆಂದು ಹಸಿವಿಗಿಂತ ಹೆಚ್ಚು ಉಣ್ಣುವ, ತಾಟಿನಲ್ಲಿ ಬಿಡುವ ಪ್ರಸಂಗಗಳೂ ಅಲ್ಲಿಯೇ ಹೆಚ್ಚು. ಮದುವೆಯ ಮಂಟಪಗಳ ವಿಚಾರವನ್ನಂತೂ ಹೇಳುವುದೇ ಬೇಡ. ತೂಕದ ಊಟದಲ್ಲಿ ಒಂದು ಎಲೆಯನ್ನು ಹೆಚ್ಚು ಹಾಕಿಕೊಳ್ಳುವ ಮುನ್ನ ಕೈ ಒಂದು ಕ್ಷಣ ತಡೆಯುತ್ತದೆ. ಗದಗ, ಹುಬ್ಬಳ್ಳಿಗಳಲ್ಲಿ ನೆಲೆಸಿರುವ ರಾಜಸ್ಥಾನ, ಗುಜರಾತ ಮೂಲದ ಶ್ವೇತಾಂಬರ ಮನೆತನಗಳಲ್ಲಿ ಉಂಡ ತಾಟನ್ನು ತೊಳೆದು ಆ ನೀರನ್ನೇ ಕುಡಿಯುವ ಹಿರಿಯರಿದ್ದಾರೆ. ಅವರಿಗೆ ಈ ತಡೆಯುವಿಕೆಯ ಬೆಲೆ ಚೆನ್ನಾಗಿ ತಿಳಿಯುತ್ತದೆ. (ಬಸದಿಗಳ ಟ್ರಸ್ಟಿನವರು ಮಹಾವೀರ ಜಯಂತಿಯ ಸಾಮೂಹಿಕ ಭೋಜನದ ಮರುಗಳಿಗೆಯಲ್ಲಿ, ಎಲೆಗಳಲ್ಲಿ ಉಳಿದು ಚೆಲ್ಲುವುದಕ್ಕೆ ಹೋಗುವ ಅನ್ನವನ್ನು ಒಂದು ಸಲ ತೂಗಿ ನೋಡುವ ಪ್ರಯೋಗ ಮಾಡಬಹುದು. ಬಂದ ಅಕ್ಕಿಯ ತೂಕ ಲೆಕ್ಕದ ಪುಸ್ತಕದಲ್ಲಿ ಇದ್ದೇ ಇರುತ್ತದೆ; ಹೋದ ಅನ್ನದ ತೂಕ ಎಲ್ಲಿಯೂ ಇರುವುದಿಲ್ಲ.)

ಆದರೂ ಈ ಮಿತಿಯನ್ನು ಅವಮೌದರ್ಯವೆಂದು ಕರೆಯಲಾಗದು. ಆರು ಬಾಹ್ಯತಪಗಳಲ್ಲಿ ಎರಡನೆಯದಾದ ಅವಮೌದರ್ಯಕ್ಕೆ ಪ್ರಾಚೀನರು ಇಟ್ಟ ಅಳತೆ ತುತ್ತಿನದು. ಪುರುಷನ ಪೂರ್ಣಾಹಾರ 32 ತುತ್ತು, ಸ್ತ್ರೀಯದು 28 ಎಂದು ಎಣಿಸಿ, ಅದರಲ್ಲಿ ಒಂದು ತುತ್ತನ್ನು ಕಡಿಮೆ ಮಾಡುವುದರಿಂದಲೇ ತಪಸ್ಸು ಪ್ರಾರಂಭವಾಗುತ್ತದೆಂದು ಹೇಳಿದರು. ಅಲ್ಲಿ ಅಳೆಯುವವನೂ ಉಣ್ಣುವವನೂ ಒಬ್ಬನೇ, ಅಳತೆಯೂ ಅವನ ಹೊಟ್ಟೆಯೇ. ಅಂಗಡಿಯ ತಕ್ಕಡಿಯ ಮುಂದೆ ಕೈಯನ್ನು ತಡೆಯುವುದು ಕಿಸೆ. ಕಿಸೆ ತುಂಬಿದ್ದವನನ್ನು ಅದು ತಡೆಯುವುದಿಲ್ಲ. ಹಣ ಉಳಿಸಲು ಕಡಿಮೆ ಉಂಡವನನ್ನು ಮಿತವ್ಯಯಿ ಎನ್ನಬಹುದು, ತಪಸ್ವಿ ಎನ್ನಲು ಬರುವುದಿಲ್ಲ. ಬೇಕಾದುದನ್ನು ಆರಿಸಿಕೊಳ್ಳುವ ಈ ಬಟ್ಟಲಿಗೂ, ಎದ್ದುನಿಂತು, ಅಂಗೈಯನ್ನೇ ಪಾತ್ರೆ ಮಾಡಿ, ಶ್ರಾವಕರು ಇಟ್ಟುದನ್ನು ದಿನಕ್ಕೊಂದೇ ಸಲ ಸ್ವೀಕರಿಸುವ ಮುನಿಯ ಆಹಾರಕ್ಕೂ ಇರುವ ಅಂತರವನ್ನು ಬೇರೆ ಹೇಳಬೇಕಾಗಿಲ್ಲ. ಗೃಹಸ್ಥನಿಂದ ಯಾರೂ ಅಷ್ಟನ್ನು ಅಪೇಕ್ಷಿಸುವುದೂ ಇಲ್ಲ.

ತಕ್ಕಡಿಯ ಮಾತು ಬಂದುದರಿಂದ ಅಚೌರ್ಯವನ್ನು ಮುಟ್ಟದೆ ಮುಂದುವರಿಯಲಾಗದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಹೀನಾಧಿಕ ಮಾನೋನ್ಮಾನವನ್ನು ಸೇರಿಸಿದ್ದಾರೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದೇ ಈ ದೋಷ. ಸೊಪ್ಪಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಸಹಜವಾಗಿಯೇ ನೀರು. ತೊಳೆದು ಜಾಡಿಸದೆ ಇಟ್ಟರೆ ಎಲೆಗಳ ನಡುವೆ ನಿಂತ ನೀರೂ ಅದಕ್ಕೆ ಕೂಡುತ್ತದೆ. ಹತ್ತಿಗೆ, ಒಣಮೆಣಸಿನಕಾಯಿಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವ ಕುಯುಕ್ತಿಯನ್ನು ಬಲ್ಲ ಅಡತಿ ವ್ಯಾಪಾರಸ್ಥನಿಗೆ ಇದು ಕೂಡಲೇ ಕಣ್ಣಿಗೆ ಬೀಳುವ ಸಂಗತಿ. ಬಟ್ಟಲಿನ ತೂಕ ಕಳೆದು ನಿವ್ವಳ ತೂಕಕ್ಕೆ ಮಾತ್ರ ಹಣ ತೆಗೆದುಕೊಳ್ಳಬೇಕೆಂಬುದು ಭಾರತದಲ್ಲಿ 2009ರ ಕಾನೂನು ಮಾಪನ ಅಧಿನಿಯಮದ ಆಶಯವೂ ಹೌದು. ಆದರೆ ಎಲೆಯ ಮೇಲಿನ ನೀರನ್ನು ಯಾವ ಅಧಿನಿಯಮವೂ ಒರೆಸುವುದಿಲ್ಲ. ಅದೇ ಐದರಲ್ಲಿ ಪ್ರತಿರೂಪಕ ವ್ಯವಹಾರವೂ ಒಂದು. ಒಂದು ವಸ್ತುವಿನ ವೇಷದಲ್ಲಿ ಇನ್ನೊಂದನ್ನು ಮಾರುವುದು. ಇಂಥ ಅಂಗಡಿಗಳಲ್ಲಿ ಏಡಿಯ ಕಡ್ಡಿ ಎಂದು ಮಾರುವುದು ಸಾಮಾನ್ಯವಾಗಿ ಮೀನನ್ನು ಅರೆದು ಬಣ್ಣ ಬಳಿದ ಪದಾರ್ಥ. ಬೆಳ್ಳಗೆ ದುಂಡಗೆ ಇರುವ ಮೀನಿನ ಉಂಡೆಯನ್ನು ಹೊಸಬರು ಹಿಟ್ಟಿನ ಉಂಡೆಯೆಂದು ತಿಳಿಯುವ ಸಂಭವವೂ ಇದೆ. ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದಲ್ಲಿ ಅರಿತುಕೊಳ್ಳುವ ಹೊಣೆಯೂ ಉಣ್ಣುವವನ ಮೇಲೆಯೇ ಬೀಳುತ್ತದೆ.

ಇಷ್ಟೆಲ್ಲ ಎಚ್ಚರವನ್ನು ವಹಿಸುವ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಬೆಳ್ಳಟ್ಟಿಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರ ಮೊಮ್ಮಗಳು ಅವಳು, ಸಿಂಗಪುರದಲ್ಲಿ ಓದುತ್ತಿದ್ದಾಳೆ. ಬಟ್ಟಲನ್ನು ಹಿಡಿದುಕೊಂಡೇ ಊರಿಗೆ ಮಾತನಾಡುತ್ತಾಳೆ.

“ಅಜ್ಜಾ, ನಾ ಬರೇ ತಪ್ಪಲಪಲ್ಯಾನ ಆರಿಸಿ ಹಾಕ್ಕೊಂಡೀನಿ. ಮಾಂಸದ ಕಡೆ ಹೋಗೇ ಇಲ್ಲ. ಇದ್ರಾಗ ತಪ್ಪೇನೈತಿ?”

“ತಪ್ಪಲ ನೀ ಆರಿಸಿದಿ, ಖರೆ. ಸಾರು ಯಾರು ಆರಿಸಿದ್ರವ್ವಾ?”

ಅಜ್ಜನ ಈ ಪ್ರಶ್ನೆಯಲ್ಲಿ ಇಡೀ ವಿಷಯದ ಗಂಟು ಇದೆ. ಮಾಲಾತಾಂಗಿನ ಸಾರು ಸಾಮಾನ್ಯವಾಗಿ ಎಲುಬನ್ನು ಕುದಿಸಿ ತೆಗೆದದ್ದು. ಸಿಚುವಾನ್ ಪದ್ಧತಿಯ ಖಾರದ ಮಸಾಲೆಯನ್ನು ದನದ ಕೊಬ್ಬಿನಲ್ಲಿ ಹುರಿಯುವುದುಂಟು. ಖಾರ ಬೇಡ, ಟೊಮೆಟೊ ಸಾರು ಸಾಕು ಎಂದರೂ ಅದರ ಬುಡದ ನೀರು ಅದೇ ಆಗಿರಬಹುದು. ಅನೇಕ ಕಡೆಗಳಲ್ಲಿ ಎಲ್ಲರ ಜಾಲರಿಗಳೂ ಒಂದೇ ಹಂಡೆಯಲ್ಲಿ ಏಳುತ್ತವೆ, ಮುಳುಗುತ್ತವೆ. ಇಪ್ಪತ್ತು ಪದಾರ್ಥಗಳನ್ನು ಒಂದೊಂದಾಗಿ ನೋಡಿ ಆರಿಸಿಕೊಂಡವಳು, ಇಪ್ಪತ್ತೊಂದನೆಯದನ್ನು ಆರಿಸಿಕೊಳ್ಳಲಿಲ್ಲ; ಅದಕ್ಕೆ ತೂಕವಿಲ್ಲ, ಬೆಲೆಯ ಚೀಟಿಯಲ್ಲಿ ಹೆಸರಿಲ್ಲ. ಆದರೆ ಉಳಿದ ಇಪ್ಪತ್ತರೊಳಗೂ ಹೊಕ್ಕು ಕುಳಿತುಕೊಳ್ಳುವುದು ಅದೊಂದೇ. ತಕ್ಕಡಿಯು ಆಯ್ಕೆಯನ್ನು ತೂಗುತ್ತದೆ. ಆಯ್ಕೆ ಮಾಡದೆ ಒಪ್ಪಿಕೊಂಡದ್ದು ಅದಕ್ಕೆ ಕಾಣುವುದಿಲ್ಲ.

ಆಚಾರ್ಯರಿಗೆ ಇದು ಕಂಡಿತ್ತು. ಭೋಗೋಪಭೋಗ ಪರಿಮಾಣ ವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳನ್ನು ನೋಡಬೇಕು. ಸಚಿತ್ತವಾದುದನ್ನು ಉಣ್ಣುವುದು ಒಂದು. ಸಚಿತ್ತವನ್ನು ಮುಟ್ಟಿಕೊಂಡಿದ್ದುದನ್ನು ಉಣ್ಣುವುದು ಎರಡನೆಯದು. ಅದರೊಡನೆ ಬೆರೆತುಹೋದುದನ್ನು ಉಣ್ಣುವುದು ಮೂರನೆಯದು. ಇಂದ್ರಿಯಗಳನ್ನು ಕೆರಳಿಸುವುದನ್ನು ಉಣ್ಣುವುದು ನಾಲ್ಕನೆಯದು. ಸರಿಯಾಗಿ ಬೇಯದುದನ್ನು ಉಣ್ಣುವುದು ಐದನೆಯದು. ಅಲ್ಲಿ ಹೇಳಿರುವುದು ಮುಖ್ಯವಾಗಿ ಜೀವಸಹಿತವಾದ ಸಸ್ಯಾದಿಗಳ ವಿಚಾರ. ಮಾಂಸವು ಅತಿಚಾರದ ಮಾತಲ್ಲ, ಮೂಲಗುಣದ ಭಂಗದ ಮಾತು. ಆದರೆ ವಿವೇಚನೆಯ ಕ್ರಮವನ್ನು ಗಮನಿಸಿರಿ. ವಸ್ತು, ವಸ್ತುವನ್ನು ಮುಟ್ಟಿದ್ದು, ವಸ್ತುವಿನೊಡನೆ ಬೆರೆತದ್ದು ಎಂದು ಮೂರನ್ನು ಬೇರೆಬೇರೆಯಾಗಿ ಇಟ್ಟಿದ್ದಾರೆ. ಮುಟ್ಟಿದ್ದನ್ನು ಬೇರ್ಪಡಿಸಬಹುದು, ಬೆರೆತದ್ದನ್ನು ಬೇರ್ಪಡಿಸಲಾಗದು. ಮಾಂಸದ ಪಕ್ಕದ ತಟ್ಟೆಯಲ್ಲಿದ್ದ ಕೋಸಿನ ಎಲೆಯನ್ನು ತೊಳೆದುಕೊಳ್ಳಬಹುದೆಂದು ವಾದಿಸುವವರಿದ್ದಾರೆ. ಎಲುಬಿನ ನೀರಿನಲ್ಲಿ ಬೆಂದ ಎಲೆಯನ್ನು ತೊಳೆಯುವುದೆಲ್ಲಿಂದ ಬಂತು? ಆದ್ದರಿಂದ ಸಾರಿನ ಮಟ್ಟಿಗೆ ಸಂದೇಹಕ್ಕೆ ಎಡೆಯೇ ಇಲ್ಲ. ‘ನಾನು ಮಾಂಸವನ್ನು ಹಾಕಿಕೊಂಡಿಲ್ಲ’ ಎಂಬುದು ಬಟ್ಟಲಿಗೆ ಸಂಬಂಧಿಸಿದಂತೆ ಸತ್ಯ, ಊಟಕ್ಕೆ ಸಂಬಂಧಿಸಿದಂತೆ ಅಲ್ಲ. ಅವಸರದಲ್ಲಿ ಅದ್ದಿ ತೆಗೆದ ಅರೆಬೆಂದ ಸೊಪ್ಪು, ಕಣ್ಣುಮೂಗಿನಲ್ಲಿ ನೀರು ಬರಿಸುವ ಖಾರ ಇವು ಕೊನೆಯ ಎರಡು ಅತಿಚಾರಗಳ ಅಂಚಿಗೆ ಬರುತ್ತವೆಯೇ ಎಂಬುದನ್ನು ಅವರವರ ಅಭ್ಯಾಸಕ್ಕೆ ಬಿಡಬಹುದು.

ತಿಳಿಯದೆ ಉಂಡರೆ? ಪ್ರಮಾದದಿಂದ ಕೂಡಿದ ಯೋಗವೇ ಹಿಂಸೆಯ ಲಕ್ಷಣದಲ್ಲಿ ಮೊದಲು ಬರುವ ಅಂಶವೆಂಬುದು ನಿಜ. ಆದರೆ ಕೇಳಿ ತಿಳಿಯಬಹುದಾದುದನ್ನು ಕೇಳದೆ ಇರುವುದೂ ಪ್ರಮಾದವೇ. 2021ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಆಹಾರದಲ್ಲಿ ಸೇರಿದ ಪ್ರತಿಯೊಂದು ಅಂಶದ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು, ಅದು ಎಷ್ಟೇ ಅಲ್ಪವಾಗಿದ್ದರೂ, ಪ್ರಕಟಿಸಬೇಕು. ಬರಿಯ ಸಂಕೇತಸಂಖ್ಯೆ ಸಾಲದು ಎಂದು ಆದೇಶಿಸಿತು. ಉಣ್ಣುವವನಿಗೆ ತಿಳಿಯುವ ಹಕ್ಕಿದೆಯೆಂದು ನ್ಯಾಯಾಲಯ ಹೇಳಿತು. ತಿಳಿಯುವ ಕರ್ತವ್ಯವೂ ಇದೆಯೆಂಬುದು ಶ್ರಾವಕಾಚಾರದ ಮಾತು.

ಇಲ್ಲಿ ಕೆಲವು ಹಿರಿಯರು ವಿಚಾರವನ್ನೇ ಮೊಟಕುಗೊಳಿಸಿ, ‘ಚೀನದ ಊಟ ಪರಕೀಯ, ಅದರ ಗೊಡವೆ ಬೇಡ’ ಎಂದುಬಿಡುತ್ತಾರೆ. ಈ ವಾದ ದುರ್ಬಲವಾದುದು. ಲಕ್ಷ್ಮೇಶ್ವರವು ಪುಲಿಗೆರೆಯಾಗಿದ್ದಾಗ, ಆ ಊರಿನ ಕನ್ನಡವನ್ನು ಪಂಪ ಮಹಾಕವಿ 941ರ ಕಾವ್ಯದಲ್ಲಿ ಹೊಗಳಿದಾಗ, ಆ ಸೀಮೆಯ ಯಾವ ಅಡುಗೆಮನೆಯಲ್ಲಿಯೂ ಮೆಣಸಿನಕಾಯಿ ಇರಲಿಲ್ಲ. ಸುಮಾರು 1025ರ ಲೋಕೋಪಕಾರದಲ್ಲಿ ಎರಡನೆಯ ಚಾವುಂಡರಾಯನೂ, 16ನೆಯ ಶತಮಾನದ ಆದಿಯಲ್ಲಿ ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನೂ ಪಾಕವನ್ನು ವಿವರಿಸಿದರು. ಮಂಗರಸನು ಜೈನ; ಜೈನರು ರುಚಿಯ ವೈರಿಗಳಲ್ಲವೆಂಬುದಕ್ಕೆ ಅವನ ಗ್ರಂಥವೇ ಸಾಕ್ಷಿ. ಅವರು ಬಲ್ಲ ಖಾರ ಕಾಳುಮೆಣಸಿನದು. ಅಮೆರಿಕದ ಮೆಣಸಿನಕಾಯಿ ಪೋರ್ತುಗೀಸರ ಹಡಗಿನಲ್ಲಿ ಈ ಕಡೆಗೆ ಬಂದಿತು. ಚೀನದ ಗ್ರಂಥಗಳಲ್ಲಿಯೂ ಅದು ಕಾಣಿಸಿಕೊಳ್ಳುವುದು 16ನೆಯ ಶತಮಾನದ ಕೊನೆಗೆ. ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಹೊಸ ಕಾಯಿಗೆ ಕೊಟ್ಟರು. ಚೀನೀಯರೂ ತಮ್ಮ ಹಳೆಯ ಖಾರದ ಕಾಳಿನ ಹೆಸರನ್ನೇ ಅದಕ್ಕೆ ಅಂಟಿಸಿದರು. ಇಂದು ಬ್ಯಾಡಗಿ ಮೆಣಸಿನಕಾಯಿಗೆ 2011ರಿಂದ ಭೌಗೋಳಿಕ ಸೂಚಕದ ಮಾನ್ಯತೆಯಿದೆ. ಅದನ್ನು ಪರಕೀಯವೆನ್ನುವ ಧೈರ್ಯ ಹಾವೇರಿ, ಗದಗ ಜಿಲ್ಲೆಗಳಲ್ಲಿ ಯಾರಿಗಿದೆ? ನಾಲಗೆಯನ್ನು ಜೋಮು ಹಿಡಿಸುವ ಆ ಸಿಚುವಾನ್ ಕಾಳಿಗೂ ಪಶ್ಚಿಮ ಘಟ್ಟದಲ್ಲಿ ಒಂದು ದಾಯಾದಿಯಿದೆ. ಜುಮ್ಮಿನಕಾಯಿ ಎಂಬ ಹೆಸರೇ ಅದರ ಗುಣವನ್ನು ಹೇಳುತ್ತದೆ.

ಪರಕೀಯ ಎಂಬ ಕಾರಣದಿಂದ ಬಿಟ್ಟವನು, ಸ್ವಂತವೆಂದು ತೋರಿದ ಕೂಡಲೆ ಎಚ್ಚರ ತಪ್ಪುತ್ತಾನೆ ಎಂಬುದು ಇನ್ನೊಂದು ಅಪಾಯ. ತಾಲೂಕು ಊರುಗಳ ಬೀದಿಗಳಲ್ಲಿ ಕೈಗಾಡಿಯ ಮೇಲೆ ಮಾರುವ ಗೋಬಿ ಮಂಚೂರಿಯನ್ನು ಈಗ ಯಾರೂ ಚೀನದ್ದೆಂದು ಭಾವಿಸುವುದಿಲ್ಲ. ಹೂಕೋಸಿನದು, ಆದ್ದರಿಂದ ನಿರ್ದೋಷವೆಂದು ಮಕ್ಕಳಿಗೆ ಕೊಡಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರವು ಅದರಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ತೆಗೆದ 171 ಮಾದರಿಗಳಲ್ಲಿ 107 ಅಸುರಕ್ಷಿತವಾಗಿದ್ದವು. ಕರಿದ ಎಣ್ಣೆಯಲ್ಲಿ ಮೊದಲು ಏನನ್ನು ಕರಿದಿದ್ದರೆಂದು ಕೇಳುವವರು ವಿರಳ. ಸಿಂಗಪುರದ ಸಾರಿನ ಪ್ರಶ್ನೆಯೇ ಇಲ್ಲಿ ಎಣ್ಣೆಯ ರೂಪದಲ್ಲಿದೆ.

ಈಗ ದರದ ವಿಷಯ. ವಾಣಿಜ್ಯವನ್ನು ಬಲ್ಲವರಿಗೆ ಇದು ಸಾರಿಗಿಂತ ಹೆಚ್ಚು ಕುತೂಹಲಕರ. ಹಾರ್ಬಿನ್ ಪದ್ಧತಿಯ ಅಂಗಡಿಗಳಲ್ಲಿ ಸೊಪ್ಪಿಗೂ ಮಾಂಸಕ್ಕೂ ಸಾಮಾನ್ಯವಾಗಿ ಒಂದೇ ದರ. ತಕ್ಕಡಿಗೆ ಎರಡೂ ಗ್ರಾಮುಗಳೇ. ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಿ: ಅಂಗಡಿಯವನಿಗೆ ನೂರು ಗ್ರಾಂ ಸೊಪ್ಪು 8 ರೂಪಾಯಿಗೆ, ನೂರು ಗ್ರಾಂ ಮಾಂಸ 60 ರೂಪಾಯಿಗೆ ಬೀಳುತ್ತದೆ, ಎರಡನ್ನೂ 50 ರೂಪಾಯಿಗೆ ಮಾರುತ್ತಾನೆ. ಸೊಪ್ಪಿನಲ್ಲಿ 42 ರೂಪಾಯಿ ಉಳಿಯುತ್ತದೆ, ಮಾಂಸದಲ್ಲಿ 10 ರೂಪಾಯಿ ಕಳೆಯುತ್ತದೆ. ಅಂಗಡಿ ನಡೆಯುವುದು ಸೊಪ್ಪು ತಿನ್ನುವವರ ಹಣದಿಂದ. ಮಾಂಸ ತಿನ್ನುವವನಿಗೆ ಅಗ್ಗವಾಗಿ ಮಾಂಸ ಸಿಗುವುದೂ ಅವರ ಹಣದಿಂದಲೇ. ಅಂದರೆ ಬರಿಯ ಸೊಪ್ಪನ್ನು ಹಾಕಿಕೊಂಡ ಜೈನ ಹುಡುಗಿ ಪಕ್ಕದ ಮೇಜಿನ ಮಾಂಸದ ಬೆಲೆಯಲ್ಲಿ ಒಂದು ಪಾಲನ್ನು ತೆತ್ತಳು.

ಇದು ದೋಷವೇ? ಕೃತ, ಕಾರಿತ, ಅನುಮತ ಎಂಬ ಮೂರನ್ನು ಮನ-ವಚನ-ಕಾಯಗಳಿಂದಲೂ, ಸಂರಂಭ-ಸಮಾರಂಭ-ಆರಂಭಗಳಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿ 108 ದಾರಿಗಳನ್ನು ಎಣಿಸಿದ ಪರಂಪರೆ ಇದು. ಜಪಮಾಲೆಯ 108 ಮಣಿಗಳಿಗೆ ಈ ಲೆಕ್ಕವನ್ನು ಹೇಳುವುದುಂಟು. ಆ 108ರಲ್ಲಿ ಈ ಹುಡುಗಿಯ ಪಾಲು ಎಲ್ಲಿ ನಿಲ್ಲುತ್ತದೆ? ಅವಳು ಮಾಡಲಿಲ್ಲ, ಮಾಡಿಸಲಿಲ್ಲ. ಅನುಮತಿಸಿದಳೇ ಎಂದರೆ, ಮನಸ್ಸಿನಲ್ಲಿ ಒಪ್ಪಿಗೆ ಇರಲಿಲ್ಲ, ಹಣ ಮಾತ್ರ ಹೋಯಿತು. ಸಂಕಲ್ಪೀ ಹಿಂಸೆಯನ್ನು ಗೃಹಸ್ಥನು ಪೂರ್ಣವಾಗಿ ಬಿಡಬೇಕು. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಆದಷ್ಟು ಕಡಿಮೆ ಮಾಡಬೇಕು ಎಂಬ ವಿಭಾಗವನ್ನು ಹಿಡಿದರೆ, ಇದು ಸಂಕಲ್ಪೀ ಹಿಂಸೆಯಲ್ಲವೆಂಬುದು ಸ್ಪಷ್ಟ. ಹಾಗೆ ನೋಡಿದರೆ ಮಿಶ್ರ ಉಪಾಹಾರಗೃಹದಲ್ಲಿ ಒಂದು ಲೋಟ ಹಾಲು ಕುಡಿದವನೂ ಅದರ ಬಾಡಿಗೆಯಲ್ಲಿ ಪಾಲು ಕೊಡುತ್ತಾನೆ. ಇನ್ನೊಂದು ನಯದಿಂದಲೂ ನೋಡಬೇಕು. ಸೊಪ್ಪಿನಿಂದಲೇ ಲಾಭವೆಂದು ತಿಳಿದ ಅಂಗಡಿಯವನು ಸೊಪ್ಪನ್ನೇ ಮುಂದೆ ಇಡುತ್ತಾನೆ, ಬಗೆಬಗೆಯದನ್ನು ತರುತ್ತಾನೆ. ಸೊಪ್ಪು ತಿನ್ನುವವರು ಹೆಚ್ಚಿದಷ್ಟೂ ಹಂಡೆಯಲ್ಲಿ ಮಾಂಸ ಕಡಿಮೆಯಾಗಬಹುದು. ಒಂದೇ ರೂಪಾಯಿ ಎರಡು ದಿಕ್ಕಿಗೂ ಎಳೆಯುತ್ತದೆ.

ಈ ಎರಡೂ ನಯಗಳನ್ನು ತೂಗಿದ ಮೇಲೆ ಹೇಳಬಹುದಾದುದು ಇಷ್ಟು. ದರದ ದೋಷವು ಸಾರಿನ ದೋಷಕ್ಕೆ ಸಮನಲ್ಲ. ಅದರಿಂದ ವ್ರತಭಂಗವಾಯಿತೆಂದು ಮಕ್ಕಳನ್ನು ಹೆದರಿಸುವುದು ಅತಿರೇಕ. ಆದರೆ ಲೆಕ್ಕ ತಿಳಿಯುವುದಕ್ಕೆ ಮೊದಲಿನ ಊಟವೂ ತಿಳಿದ ನಂತರದ ಊಟವೂ ಒಂದೇ ಅಲ್ಲ. ಜಮಾ-ಖರ್ಚು ಬರೆದು ಬೆಳೆದ ಮನೆತನದವರು, ಯಾವ ಕಾಸು ಎಲ್ಲಿಗೆ ಹೋಗುತ್ತದೆಂದು ತಮಗೆ ತಿಳಿಯದೆಂದು ಹೇಳಿದರೆ ಯಾರೂ ನಂಬರು. ಎರಡು ದರಗಳ ಅಂಗಡಿ ಸಿಗುವಲ್ಲಿ ಒಂದು ದರದ ಅಂಗಡಿಯನ್ನು ಬಿಡುವುದು ಯುಕ್ತ. ಸಿಂಗಪುರದಲ್ಲಿ ಅದಕ್ಕೆ ಅವಕಾಶವೂ ಇದೆ. ಅಲ್ಲಿನ ಆಹಾರಕೇಂದ್ರಗಳಲ್ಲಿ ಇದೇ ಮಸಾಲೆಯಲ್ಲಿ ಒಣದಾಗಿ ಹುರಿದುಕೊಡುವ ಮಾಲಾ ಅಂಗಡಿಗಳಲ್ಲಿ ಸೊಪ್ಪಿಗೆ ಒಂದು ದರ, ಮಾಂಸಕ್ಕೆ ಅದಕ್ಕಿಂತ ಹೆಚ್ಚಿನ ಇನ್ನೊಂದು ದರವಿರುವುದು ಸಾಮಾನ್ಯ. ದುರ್ದೈವದಿಂದ ಬಾಣಲೆ ಮಾತ್ರ ಒಂದೇ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಅದೂ ಚೀನೀಯರೇ ತೋರಿಸಿದ ದಾರಿ. ಲಿಯಾಂಗ್ ವಂಶದ ಚಕ್ರವರ್ತಿ ವು, 502ರಿಂದ 549ರವರೆಗೆ ಆಳಿದವನು, ತನ್ನ ರಾಜ್ಯದ ಬೌದ್ಧ ಭಿಕ್ಷುಗಳಿಗೆ ಮದ್ಯಮಾಂಸಗಳನ್ನು ನಿಷೇಧಿಸಿದನು. ಅಂದಿನಿಂದ ಬೆಳೆದುಬಂದ ಶಾಕಾಹಾರದ ಸಂಪ್ರದಾಯಕ್ಕೆ ಅವರಲ್ಲಿ ‘ಸು’ ಎಂದು ಹೆಸರು. ಆ ಒಂದು ಅಕ್ಷರವನ್ನು ಬರೆದ ಅಂಗಡಿಗಳು ಸಿಂಗಪುರದಲ್ಲಿಯೂ ತೈವಾನಿನಲ್ಲಿಯೂ ಇವೆ. ಕಟ್ಟಾ ಬೌದ್ಧರು ಮಾಂಸದ ಜೊತೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿಯ ವರ್ಗದ ಐದನ್ನೂ ಬಿಡುತ್ತಾರೆ. ಅವರ ಕಾರಣ ಅವು ಮನಸ್ಸನ್ನು ಕೆರಳಿಸುತ್ತವೆಂಬುದು. ಜೈನರ ಕಾರಣದಲ್ಲಿ ಗಡ್ಡೆಯಲ್ಲಿರುವ ಅನಂತ ಜೀವಗಳ ವಿಚಾರ ಮುಂದಿದೆ. ಕಾರಣ ಬೇರೆಯಾದರೂ ಬಾಣಲೆ ಒಂದೇ ರೀತಿ ಶುದ್ಧವಾಗಿರುತ್ತದೆ. ಪರದೇಶದಲ್ಲಿ ಬೆಳ್ಳುಳ್ಳಿ ಬೇಡವೆಂದು ಬಾಯಿ ನೋಯುವಂತೆ ವಿವರಿಸಿ ದಣಿದ ಜೈನ ವಿದ್ಯಾರ್ಥಿಗೆ, ಕೇಳುವ ಮೊದಲೇ ಅದಿಲ್ಲದ ಅಡುಗೆ ಸಿಗುವುದು ಸಣ್ಣ ಸಮಾಧಾನವಲ್ಲ.

ಅಲ್ಲಿ ಇನ್ನೊಂದು ತೊಡಕು ಕಾದಿರುತ್ತದೆ. ಸೋಯಾ ಮತ್ತು ಗೋದಿಯ ಸತ್ತ್ವದಿಂದ ಕೋಳಿಯಂತೆ, ಮೀನಿನಂತೆ ರೂಪಿಸಿದ ಪದಾರ್ಥಗಳು ಆ ಅಂಗಡಿಗಳ ವೈಶಿಷ್ಟ್ಯ. ಅವನ್ನು ಕಂಡ ಕನ್ನಡ ಜೈನನಿಗೆ ಜನ್ನ ಕವಿ 1209ರಲ್ಲಿ ಬರೆದ ಯಶೋಧರ ಚರಿತೆ ನೆನಪಾಗದೆ ಇರದು. ಯಶೋಧರನು ಜೀವವಧೆಗೆ ಒಪ್ಪದೆ, ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟನು. ರಕ್ತ ಸುರಿಯದಿದ್ದರೂ ತಾಯಿಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಯಲ್ಲಿ ತೊಳಲಿದರು. ಹಿಟ್ಟಿನ ಕೋಳಿಗೆ ಅಷ್ಟು ಫಲವಾದರೆ ಸೋಯಾ ಕೋಳಿಗೆ ಎಷ್ಟು ಎಂದು ಕೇಳುವವರಿದ್ದಾರೆ. ಹೋಲಿಕೆ ಮೇಲ್ನೋಟಕ್ಕೆ ಸರಿಯೆನಿಸಿದರೂ ಪೂರ್ತಿಯಾಗಿ ಹೊಂದುವುದಿಲ್ಲ. ಯಶೋಧರನು ಕೋಳಿಯ ಬದಲಿಗೆಂದೇ, ಕೊಲ್ಲುವ ಸಂಕಲ್ಪದಿಂದಲೇ ಕತ್ತಿಯನ್ನು ಎತ್ತಿದನು; ದೋಷ ಹಿಟ್ಟಿನಲ್ಲಿರಲಿಲ್ಲ, ಎತ್ತಿದ ಕೈಯಲ್ಲಿತ್ತು. ಮಾಂಸವನ್ನು ಎಂದೂ ಮುಟ್ಟದ ಹುಡುಗಿಯ ನಾಲಗೆಗೆ ಆ ಆಕಾರದ ನೆನಪೇ ಇಲ್ಲ. ಅವಳಿಗೆ ಅದು ಸೋಯಾ ಅಷ್ಟೆ. ಮಾಂಸವನ್ನು ಬಿಡಲು ಹೆಣಗುತ್ತಿರುವ ಪಕ್ಕದ ಬೌದ್ಧನಿಗೆ ಅದು ಊರುಗೋಲೂ ಆಗಬಹುದು. ಆದರೆ ಜೈನ ಮನೆಯ ಮಕ್ಕಳಿಗೆ ಅದರಿಂದ ಬರುವ ಹಾನಿ ಬೇರೆ ಬಗೆಯದು. ಈ ಅಂಗಡಿಯಲ್ಲಿ ಕೋಳಿಯಂತಿದ್ದುದನ್ನು ಸಂಕೋಚವಿಲ್ಲದೆ ಉಂಡ ಕಣ್ಣು ಮುಂದಿನ ಅಂಗಡಿಯಲ್ಲಿ ಕೋಳಿಯನ್ನೇ ಕಂಡಾಗಲೂ ಹಿಂಜರಿಯುವುದಿಲ್ಲ. ತಲೆತಲಾಂತರದಿಂದ ಬಂದ ಆ ಹಿಂಜರಿಕೆ ಒಂದು ಆಸ್ತಿ. ಅದನ್ನು ಕಳೆದುಕೊಂಡರೆ ಮರಳಿ ಗಳಿಸುವುದು ಸುಲಭವಲ್ಲ. ಹೀಗಾಗಿ ಅದನ್ನು ಬಿಡುವುದೇ ಲೇಸು.

ಉಳಿದುದು ಕಪಾಟಿನ ಮುಂದಿನ ವಿವೇಕ. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದುವನ್ನು ಬಿಡಲು ಕೊಟ್ಟ ಕಾರಣ ವ್ಯಾಪಾರಸ್ಥರಿಗೆ ಬಹು ಬೇಗ ಮನದಟ್ಟಾಗುತ್ತದೆ: ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ. ಈ ಲೆಕ್ಕದಲ್ಲಿ ಆಲೂಗಡ್ಡೆ, ಗೆಣಸು, ತಾವರೆಯ ಬೇರು ಹೋದವು. ಅಣಬೆಯನ್ನೂ ಸಮುದ್ರದ ಪಾಚಿಯನ್ನೂ ಬಿಡಬೇಕು. ಮೊಳಕೆಕಾಳನ್ನು ಹಲವರು ಒಲ್ಲರು. ಹಳದಿ ಶಾವಿಗೆಯಲ್ಲಿ ಮೊಟ್ಟೆ ಇರಬಹುದಾದ್ದರಿಂದ ಅಕ್ಕಿಯ ಶಾವಿಗೆಯನ್ನು ಕೇಳಿ ಹಾಕಿಕೊಳ್ಳಬೇಕು. ವ್ರತವನ್ನು ಜೀವಾವಧಿಯ ಯಮವಾಗಿಯೂ, ಒಂದು ದಿನ, ಒಂದು ಪಕ್ಷ, ಒಂದು ಋತುವಿನ ಮಟ್ಟಿಗೆ ನಿಯಮವಾಗಿಯೂ ಹಿಡಿಯಬಹುದೆಂದು ಅದೇ ಗ್ರಂಥದಲ್ಲಿ ಅವಕಾಶವಿದೆ. ಪರದೇಶದ ವಿದ್ಯಾರ್ಥಿಗಳಿಗೆ ಈ ಎರಡನೆಯ ದಾರಿ ಹೆಚ್ಚು ಅನುಕೂಲ. ಇಂದಿನ ಬಟ್ಟಲಿನಲ್ಲಿ ಐದೇ ಪದಾರ್ಥ ಎಂದು ನಿಯಮ ಹಿಡಿದು ಹೊರಟರೆ ಕಪಾಟಿನ ಮುಂದಿನ ಗೊಂದಲ ಅರ್ಧಕ್ಕೆ ಇಳಿಯುತ್ತದೆ. ಹೊತ್ತಿನ ಚಿಂತೆ ಊರಿನಿಂದ ಊರಿಗೆ ಬೇರೆ. ಸಿಂಗಪುರ ಭೂಮಧ್ಯರೇಖೆಗೆ ಸಮೀಪವಾದುದರಿಂದ ಅಲ್ಲಿ ವರ್ಷವಿಡೀ ಸೂರ್ಯಾಸ್ತ ಸಂಜೆ ಏಳರ ಆಸುಪಾಸಿನಲ್ಲಿಯೇ. ಪಾಠ ಮುಗಿಸಿ ಉಣ್ಣಲು ಸಮಯ ಸಿಗುತ್ತದೆ. ಮೆಲ್ಬರ್ನಿನ ಜೂನ್ ತಿಂಗಳಲ್ಲಿ ಐದೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಅಲ್ಲಿನ ಮಕ್ಕಳು ರಾತ್ರಿಭೋಜನ ತ್ಯಾಗವನ್ನು ಪಾಲಿಸಬೇಕೆಂದರೆ ಬುತ್ತಿಯನ್ನು ಕಟ್ಟಿಕೊಂಡೇ ಹೋಗಬೇಕು.

ಇಷ್ಟೆಲ್ಲ ಕಳೆದ ಮೇಲೆ ಅಜ್ಜನ ಮೊಮ್ಮಗಳ ಬಟ್ಟಲಿನಲ್ಲಿ ಉಳಿಯುವುದು ಕೋಸು, ಪಾಲಕ, ಟೊಮೆಟೊ, ತೋಫು ಮತ್ತು ಅಕ್ಕಿಯ ಶಾವಿಗೆ. ಚಾತುರ್ಮಾಸದಲ್ಲಿ ಎಲೆಯ ತರಕಾರಿಯನ್ನು ಬಿಡುವ ಮನೆಯವಳಾದರೆ ಮೊದಲಿನ ಎರಡೂ ಇಲ್ಲ. ತಕ್ಕಡಿಯ ಹಿಂದೆ ನಿಂತ ‘ಸು’ ಅಂಗಡಿಯ ಮುದುಕಿ, ಇಷ್ಟೇ ಸಾಕೇ ಎಂದು ಸನ್ನೆಯಿಂದಲೇ ಕೇಳಿಯಾಳು.